ಅಜ್ಜನ ಯುದ್ಧದ ನಕ್ಷೆ

1872ರ ಅಕ್ಟೋಬರ್ 1ರೊಳಗೆ ಅಲ್ಸೇಸಿನ ಪ್ರತಿ ಮನೆಯವರೂ ಒಂದು ತೀರ್ಮಾನಕ್ಕೆ ಬರಬೇಕಿತ್ತು. ಪ್ರಷ್ಯದ ಜೊತೆಗಿನ ಯುದ್ಧದಲ್ಲಿ ಸೋತ ಫ್ರಾನ್ಸ್ ಹಿಂದಿನ ವರ್ಷದ ಫ್ರಾಂಕ್‌ಫರ್ಟ್ ಒಪ್ಪಂದದಲ್ಲಿ ಆ ಪ್ರಾಂತ್ಯವನ್ನೂ ಲೊರೇನಿನ ಒಂದು ಭಾಗವನ್ನೂ ಜರ್ಮನಿಗೆ ಬಿಟ್ಟುಕೊಟ್ಟಿತ್ತು, ಮೇಲೆ 500 ಕೋಟಿ ಫ್ರಾಂಕ್ ದಂಡವನ್ನೂ ತೆರಬೇಕಿತ್ತು. ಫ್ರೆಂಚರಾಗಿಯೇ ಉಳಿಯುತ್ತೇವೆ ಎನ್ನುವವರು ಗಡುವಿನೊಳಗೆ ಬರೆದುಕೊಟ್ಟು ಮನೆಮಠ ಬಿಟ್ಟು ಹೊರಡಬೇಕು, ಉಳಿದವರು ಜರ್ಮನ್ ಪ್ರಜೆಗಳಾಗಬೇಕು. ಮ್ಯುಲೂಸ್ ಪಟ್ಟಣದಲ್ಲಿ ಹತ್ತಿ ಗಿರಣಿ ನಡೆಸುತ್ತಿದ್ದ ರಫಾಯೆಲ್ ಡ್ರೇಫಸ್ ಎಂಬ ಯಹೂದಿ ಉದ್ಯಮಿ ಎರಡನ್ನೂ ಮಾಡಿದ. ತಾನು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಫ್ರಾನ್ಸಿನ ಪ್ರಜೆಯಾಗಿ ಹೊರಟ. ಹಿರಿಮಗ ಜಾಕ್ ಗಿರಣಿ ಉಳಿಸಿಕೊಳ್ಳಲೆಂದು ಜರ್ಮನ್ ಪ್ರಜೆಯಾಗಿ ಊರಲ್ಲೇ ನಿಂತ. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ದೇಶದವರಾದರು. ಕಿರಿಯವನು ಆಲ್ಫ್ರೆಡ್. ಪ್ರಷ್ಯನ್ ಸೈನಿಕರು ತನ್ನೂರಿಗೆ ನುಗ್ಗಿದ್ದನ್ನು ಕಂಡಿದ್ದ ಹುಡುಗ ದೊಡ್ಡವನಾಗಿ ಫ್ರೆಂಚ್ ಸೈನ್ಯದ ಫಿರಂಗಿ ದಳ ಸೇರಿದ.

ಇದೇ ಆಲ್ಫ್ರೆಡ್ ಡ್ರೇಫಸ್ ಮೇಲೆ 1894ರಲ್ಲಿ ದೇಶದ್ರೋಹದ ಸುಳ್ಳು ಆರೋಪ ಹೊರಿಸಿ ಡೆವಿಲ್ಸ್ ಐಲ್ಯಾಂಡಿಗೆ ಅಟ್ಟಿದ್ದು, ಎಮಿಲ್ ಜೋಲಾ ಅವನ ಪರ ಲೇಖನಿ ಹಿಡಿದದ್ದು, 1906ರಲ್ಲಿ ನ್ಯಾಯಾಲಯ ಅವನನ್ನು ನಿರ್ದೋಷಿ ಎಂದು ಸಾರಿದ್ದು ಎಲ್ಲರೂ ಬಲ್ಲ ಕಥೆ. ನಾವು ಸಾಮಾನ್ಯವಾಗಿ ಅಲ್ಲಿಗೇ ಪುಸ್ತಕ ಮುಚ್ಚಿಡುತ್ತೇವೆ. ಇತಿಹಾಸಕಾರ ಮೈಕೆಲ್ ಬರ್ನ್ಸ್ ಮುಚ್ಚಲಿಲ್ಲ. 1789ರಿಂದ 1945ರವರೆಗೆ ಆ ಮನೆತನದ ಜಾಡು ಹಿಡಿದು ಹೋದ. ಮೊದಲ ಮಹಾಯುದ್ಧ ಶುರುವಾದಾಗ ಆಲ್ಫ್ರೆಡ್‌ಗೆ ಐವತ್ತೈದು ತುಂಬುತ್ತಿತ್ತು. ತನ್ನನ್ನು ಅಷ್ಟೆಲ್ಲ ಅವಮಾನಿಸಿದ ಅದೇ ಸೈನ್ಯಕ್ಕೆ ಆತ ಮರಳಿ ಸೇರಿದ. 1917ರಲ್ಲಿ ಶೆಮಾಂ ದೆ ದಾಮ್ ಮತ್ತು ವರ್ಡನ್ ರಂಗಗಳಲ್ಲಿದ್ದ. ಮಗ ಪಿಯೆರ್ ಕೂಡ ವರ್ಡನ್ ಕಂಡು ಬಂದ. ತಮ್ಮನ ಬಿಡುಗಡೆಗಾಗಿ ವರ್ಷಗಟ್ಟಲೆ ಹೋರಾಡಿದ ಅಣ್ಣ ಮಾತ್ಯೂನ ಪಾಡು ಬೇರೆ: ಅಳಿಯ ಆದೋಲ್ಫ್ ರೈನಾಕ್ 1914ರ ಆಗಸ್ಟಿನಲ್ಲೇ ಸತ್ತ, ಮಗ ಎಮಿಲ್ ಮರುವರ್ಷ.

ಮುಂದಿನದು 1943ರ ನವೆಂಬರ್. ಆಲ್ಫ್ರೆಡ್‌ನ ಮೊಮ್ಮಗಳು ಮಡಲೆನ್ ಲೆವಿ ತುಲೂಸಿನಲ್ಲಿ ಸಮಾಜ ಸೇವಕಿಯಾಗಿದ್ದಳು, ಒಳಗೊಳಗೇ ಪ್ರತಿರೋಧ ಚಳವಳಿಯಲ್ಲಿದ್ದಳು. ಆಕೆಯನ್ನು ಹಿಡಿದು ದ್ರಾನ್ಸಿ ಶಿಬಿರಕ್ಕೂ ಅಲ್ಲಿಂದ ಔಷ್‌ವಿಟ್ಸ್‌ಗೂ ಸಾಗಿಸಿದರು. 1944ರ ಜನವರಿಯಲ್ಲಿ ಟೈಫಸ್ ತಗುಲಿ ಸತ್ತಾಗ ಆಕೆಗೆ ಇಪ್ಪತ್ತೈದು ವರ್ಷ. ಅಜ್ಜಿ ಲೂಸಿ, ಅಂದರೆ ಆಲ್ಫ್ರೆಡ್‌ನ ಹೆಂಡತಿ, ವಾಲಾನ್ಸಿನ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿ ಬೇರೆ ಹೆಸರಿಟ್ಟುಕೊಂಡು ಅಡಗಿದ್ದು ಬದುಕಿ ಉಳಿದಳು.

1870ರಿಂದ 1962ರವರೆಗಿನ 92 ವರ್ಷಗಳಲ್ಲಿ ಫ್ರಾನ್ಸ್ ಐದು ದೊಡ್ಡ ಯುದ್ಧಗಳನ್ನು ಕಂಡಿತು: ಪ್ರಷ್ಯದ ಜೊತೆ, ಎರಡು ಮಹಾಯುದ್ಧ, ಇಂಡೋಚೀನಾ, ಅಲ್ಜೀರಿಯಾ. ಒಂದು ಕುಟುಂಬ ಇವನ್ನೆಲ್ಲ ಹೇಗೆ ದಾಟಿತು ಎಂಬುದನ್ನು ಬಹುಕಾಲ ಕಾದಂಬರಿಕಾರರಿಗೆ ಬಿಟ್ಟಿದ್ದರು. ಇತಿಹಾಸಕಾರರು ರಣರಂಗ, ಒಪ್ಪಂದ, ಮಂತ್ರಿಮಂಡಲಗಳಲ್ಲಿ ಮುಳುಗಿದ್ದರು. ಕಳೆದ ಮೂರ್ನಾಲ್ಕು ದಶಕಗಳಲ್ಲಿ ಗಾಳಿ ತಿರುಗಿದೆ. ಸ್ಟೆಫಾನ್ ಒದ್ವಾಂ-ರೂಜೊ ಐದು ಮನೆಗಳ ಸಾವಿನ ಶೋಕವನ್ನೇ ವಿಷಯ ಮಾಡಿಕೊಂಡು 2001ರಲ್ಲಿ ಪುಸ್ತಕ ಬರೆದ. 2013ರಲ್ಲಿ ತನ್ನ ಸ್ವಂತ ಅಜ್ಜಂದಿರನ್ನೂ ತಂದೆಯನ್ನೂ ಅದೇ ಕಣ್ಣಿನಿಂದ ನೋಡಿದ. ಮಾನೋಂ ಪಿನ್ಯೋ ಯುದ್ಧಕಾಲದ ಮಕ್ಕಳ ಚಿತ್ರ, ಪತ್ರಗಳನ್ನು ಕೆದಕಿದಳು. ಮೊದಲ ಮಹಾಯುದ್ಧದಲ್ಲಿ ಸೈನಿಕರು ದೇಶಪ್ರೇಮದಿಂದ ಕಾದಾಡಿದರೋ ಒತ್ತಾಯಕ್ಕೆ ಮಣಿದರೋ ಎಂದು ಅಲ್ಲಿನ ಪಂಡಿತರಲ್ಲಿ ದೊಡ್ಡ ಜಗಳವೇ ನಡೆದಿದೆ. ಎರಡೂ ಕಡೆಯವರು ಮನೆಯೊಳಗಿನ ಪತ್ರಗಳನ್ನೇ ಸಾಕ್ಷಿಗೆ ಕರೆಯುವುದರಿಂದ ಆ ಜಗಳ ಸದ್ಯಕ್ಕೆ ಬಗೆಹರಿಯುವಂತೆ ಕಾಣುವುದಿಲ್ಲ.

ಇದನ್ನೆಲ್ಲ ಒಟ್ಟಿಗಿಟ್ಟು ಓದಿದಾಗ ನನಗೆ ಎದ್ದು ಕಾಣುವುದು ಒಂದೇ. ತಲೆಮಾರಿನಿಂದ ತಲೆಮಾರಿಗೆ ದಾಟಿದ್ದು ದುಃಖವೊಂದೇ ಅಲ್ಲ, ಅದರ ಜೊತೆ ಒಂದು ನಕ್ಷೆಯೂ ದಾಟಿತು. ಯುದ್ಧ ಎಂದರೆ ಹೀಗಿರುತ್ತದೆ, ಶತ್ರು ಈ ಕಡೆಯಿಂದ ಬರುತ್ತಾನೆ, ಇಂಥವರನ್ನು ನಂಬಬಹುದು ಎಂಬ ನಕ್ಷೆ. ಮುಂದಿನ ಯುದ್ಧ ಪ್ರತಿ ಸಲವೂ ಆ ನಕ್ಷೆಯ ಹೊರಗೇ ನಡೆಯಿತು. ಡ್ರೇಫಸ್ ಮನೆತನಕ್ಕೆ ಸಮವಸ್ತ್ರದ ಮೇಲೆ ನಂಬಿಕೆಯಿತ್ತು: ದೇಶಕ್ಕಾಗಿ ರಕ್ತ ಹರಿಸಿದವರನ್ನು ದೇಶ ಕೊನೆಗಾದರೂ ಕೈಬಿಡದು ಎಂದು. 1906ರ ತೀರ್ಪು ಆ ನಂಬಿಕೆಯನ್ನು ಗಟ್ಟಿ ಮಾಡಿತ್ತು. 1940ರ ಅಕ್ಟೋಬರಿನಲ್ಲಿ, ಫ್ರಾನ್ಸ್ ಜರ್ಮನಿಗೆ ಸೋತ ಮೇಲೆ ಬಂದ ವಿಶಿ ಸರ್ಕಾರ ಯಹೂದಿಗಳನ್ನು ಹುದ್ದೆಗಳಿಂದ ಹೊರದೂಡುವ ಕಾನೂನು ತಂದಾಗಲೂ ಹಿಂದಿನ ಯುದ್ಧದ ಪದಕವಿದ್ದವರಿಗೆ ಕೆಲವು ವಿನಾಯಿತಿ ಇಟ್ಟಿತ್ತು. ಪದಕ ಕಾಪಾಡುತ್ತದೆ ಎಂದುಕೊಂಡು ಎಷ್ಟೋ ಮನೆಗಳು ಓಡಿಹೋಗಬೇಕಾದ ಹೊತ್ತಿನಲ್ಲಿ ಕಾದು ಕೂತವು.

ಇನ್ನು ಲೆಕ್ಕದ ಮಾತು. 1914-18ರಲ್ಲಿ ಫ್ರಾನ್ಸಿನ ಸುಮಾರು 14 ಲಕ್ಷ ಸೈನಿಕರು ಸತ್ತರು. 1914ರ ಆಗಸ್ಟ್ 22ರ ಒಂದೇ ದಿನ ಸುಮಾರು 27,000 ಮಂದಿ. ಮುಂದೆ ಮಿತ್ರಸೈನ್ಯದ ಮಹಾದಂಡನಾಯಕನಾದ ಫೋಶ್‌ನ ಒಬ್ಬನೇ ಮಗನೂ ಅಳಿಯನೂ ಅಂದೇ ಸತ್ತರು. ಜನರಲ್ ಕಾಸ್ತೆಲ್ನೋ ಮೂವರು ಗಂಡುಮಕ್ಕಳನ್ನು ಕಳೆದುಕೊಂಡ. ದೊಡ್ಡವರ ಮಕ್ಕಳೆಲ್ಲ ಹಿಂದೆ ಉಳಿದು ಬಡವರ ಮಕ್ಕಳು ಸತ್ತರು ಎಂಬ ಮಾತು ಆ ಯುದ್ಧಕ್ಕೆ ಅಷ್ಟು ಸಲ್ಲದು. ವಿಧವೆಯರು ಸುಮಾರು 6 ಲಕ್ಷ. ತಂದೆಯಿಲ್ಲದ ಮಕ್ಕಳನ್ನು ರಾಷ್ಟ್ರವೇ ದತ್ತು ಪಡೆಯುವ ಕಾನೂನು 1917ರ ಜುಲೈ 27ರಂದು ಬಂತು, ಅಂಥ ಮಕ್ಕಳಿಗೆ ‘ರಾಷ್ಟ್ರದ ಮಕ್ಕಳು’ ಎಂಬ ದರ್ಜೆ ಸಿಕ್ಕಿತು.

ಹುಟ್ಟದೇ ಹೋದ ಮಕ್ಕಳ ಲೆಕ್ಕ ಇನ್ನೊಂದಿದೆ. ಗಂಡಸರು ಕಂದಕಗಳಲ್ಲಿದ್ದ ವರ್ಷಗಳಲ್ಲಿ ಜನನ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. 1916ರಲ್ಲಿ ತೊಟ್ಟಿಲಿಗೆ ಬಾರದವನು ಇಪ್ಪತ್ತು ವರ್ಷಗಳ ಬಳಿಕ ಬ್ಯಾರಕ್ಕಿಗೂ ಬರಲಿಲ್ಲ. ಸೈನ್ಯಕ್ಕೆ ಸೇರುವ ವಯಸ್ಸಿನವರ ಸಾಲು ಟೊಳ್ಳಾದದ್ದರಿಂದ 1935ರಲ್ಲಿ ಸರ್ಕಾರ ಕಡ್ಡಾಯ ಸೇವೆಯನ್ನು ಎರಡು ವರ್ಷಕ್ಕೆ ಏರಿಸಬೇಕಾಯಿತು. ಒಂದು ಯುದ್ಧ ಇನ್ನೊಂದರ ಒಳಗೆ ಕೈಹಾಕುವ ಬಗೆಗೆ ಇದಕ್ಕಿಂತ ನೇರ ಉದಾಹರಣೆ ನನಗೆ ಕಂಡಿಲ್ಲ.

ಆ ರಾಷ್ಟ್ರದ ಮಕ್ಕಳಲ್ಲಿ ಇಬ್ಬರನ್ನು ಹತ್ತಿರದಿಂದ ನೋಡಬೇಕು. ಕ್ಲೋದ್ ಸಿಮೋಂ ಹುಟ್ಟಿದ್ದು 1913ರ ಅಕ್ಟೋಬರ್ 10ರಂದು ಮಡಗಾಸ್ಕರಿನಲ್ಲಿ. ಆಲ್ಬರ್ಟ್ ಕಮೂ ಅದೇ ವರ್ಷದ ನವೆಂಬರ್ 7ರಂದು ಅಲ್ಜೀರಿಯಾದಲ್ಲಿ. ಒಬ್ಬನ ತಂದೆ ವೃತ್ತಿಪರ ಸೇನಾಧಿಕಾರಿ, ಇನ್ನೊಬ್ಬನ ತಂದೆ ದ್ರಾಕ್ಷಿ ತೋಟದ ನೌಕರ. ಅಧಿಕಾರಿ 1914ರ ಆಗಸ್ಟ್ 27ರಂದು ಮ್ಯೂಸ್ ನದಿಯ ಕಡೆ ಸತ್ತ. ನೌಕರ ಮಾರ್ನ್ ಕದನದಲ್ಲಿ ಗಾಯಗೊಂಡು ಅಕ್ಟೋಬರ್ 11ರಂದು ಬ್ರಿಟನಿಯ ಸೇಂ-ಬ್ರಿಯೂ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟ. ಕೂಸುಗಳಿಬ್ಬರಿಗೂ ಇನ್ನೂ ವರ್ಷ ತುಂಬಿರಲಿಲ್ಲ. ಇಬ್ಬರಿಗೂ ಮುಂದೆ ಸಾಹಿತ್ಯದ ನೊಬೆಲ್ ಬಂತು.

ನವ್ಯದ ಕಾಲದಿಂದಲೂ ಕನ್ನಡದ ಓದುಗರಿಗೆ ಕಮೂ ಗೊತ್ತು, ಅವನ ಮನೆ ಅಷ್ಟಾಗಿ ಗೊತ್ತಿಲ್ಲ. ತಾಯಿ ಕಾತ್ರಿನ್‌ಗೆ ಕಿವಿ ಸರಿಯಾಗಿ ಕೇಳಿಸದು, ಓದುಬರಹ ಬಾರದು. ಅಲ್ಜಿಯರ್ಸ್‌ನ ಮನೆಗಳಲ್ಲಿ ನೆಲ ಒರೆಸಿ ಇಬ್ಬರು ಗಂಡುಮಕ್ಕಳನ್ನು ಸಾಕಿದಳು. ಗಂಡನ ತಲೆಯಿಂದ ತೆಗೆದ ಸಿಡಿಗುಂಡಿನ ಚೂರನ್ನು ಆಸ್ಪತ್ರೆಯವರು ಆಕೆಗೆ ಕಳಿಸಿದ್ದರು. ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಟ್ಟಳು. ಗಂಡ ಸತ್ತ ದೇಶವನ್ನು ಆಕೆ ಕಂಡಿರಲಿಲ್ಲ, ಅವನು ಯಾಕೆ ಅಲ್ಲಿಗೆ ಹೋಗಬೇಕಾಯಿತು ಎಂದು ಯಾರೂ ಆಕೆಗೆ ತಿಳಿಯುವಂತೆ ಹೇಳಿರಲಿಲ್ಲ. 1947ರಲ್ಲಿ ಕಮೂ ಮೊದಲ ಬಾರಿ ತಂದೆಯ ಗೋರಿಯ ಮುಂದೆ ನಿಂತ. ಒಳಗೆ ಮಲಗಿದ್ದ ತಂದೆಗೆ ಇನ್ನೂ ಮೂವತ್ತಾಗಿರಲಿಲ್ಲ, ಹೊರಗೆ ನಿಂತ ಮಗನಿಗೆ ಮೂವತ್ತು ದಾಟಿತ್ತು. 1960ರ ಜನವರಿ 4ರ ಕಾರು ಅಪಘಾತದಲ್ಲಿ ಅವನು ಸತ್ತಾಗ ಜೊತೆಗಿದ್ದ ಚೀಲದಲ್ಲಿ ಸಿಕ್ಕ ಅಪೂರ್ಣ ಕಾದಂಬರಿಯ ತಿರುಳು ಇದೇ ಭೇಟಿ. ಅದು ಅಚ್ಚಾದದ್ದು 1994ರಲ್ಲಿ.

ಇಲ್ಲೊಂದು ಸ್ವಾರಸ್ಯವಿದೆ. ತನ್ನ ತಂದೆಯ ಕಡೆಯವರು 1871ರಲ್ಲಿ ಜರ್ಮನರ ಕೈಕೆಳಗೆ ಇರಲಾರದೆ ಅಲ್ಸೇಸ್ ಬಿಟ್ಟು ಬಂದವರೆಂದು ಕಮೂ ನಂಬಿದ್ದ. ಜೀವನಚರಿತ್ರೆಕಾರರು ದಾಖಲೆ ತೆಗೆದು ನೋಡಿದರೆ ಅವರು ಬೋರ್ಡೋ ಕಡೆಯಿಂದ ಮುಂಚೆಯೇ ಬಂದವರು. ಅಲ್ಜೀರಿಯಾದ ಬಡ ಫ್ರೆಂಚ್ ಮನೆಗಳಲ್ಲಿ ಇಂಥ ವಂಶಕಥೆಗಳಿಗೆ ಬೆಲೆಯಿತ್ತು. ಬೇರೊಬ್ಬರ ನೆಲ ಕಸಿದುಕೊಂಡು ಬಂದವರು ಎನ್ನಿಸಿಕೊಳ್ಳುವುದಕ್ಕಿಂತ ತಮ್ಮ ನೆಲ ಕಳೆದುಕೊಂಡು ಬಂದವರು ಎನ್ನಿಸಿಕೊಳ್ಳುವುದು ಎಷ್ಟೋ ಮೇಲಲ್ಲವೆ?

ಸಿಮೋಂ ಮನೆಯಲ್ಲಿ ಕಥೆ ಬೇರೆ ಥರ. ಯುದ್ಧ ಮುಗಿದ ಮೇಲೆ 1919ರಲ್ಲಿ ಅವನ ತಾಯಿ, ನಾದಿನಿಯರು, ಪುಟ್ಟ ಹುಡುಗ ಎಲ್ಲರೂ ಹಾಳುಬಿದ್ದ ಊರೂರು ಅಲೆದು ಗಂಡನ ಗೋರಿಗಾಗಿ ಹುಡುಕಿದರು. 1989ರಲ್ಲಿ ಬಂದ ಅವನ ‘ಅಕೇಸಿಯಾ’ ಕಾದಂಬರಿ ಆ ಹುಡುಕಾಟದಿಂದಲೇ ಶುರುವಾಗುತ್ತದೆ. ಅವರು ಒಬ್ಬರೇ ಅಲ್ಲ. ಮಗನ ಮೂಳೆಯಾದರೂ ಊರಿಗೆ ಬರಲಿ ಎಂದು ಲಕ್ಷಾಂತರ ಮನೆಗಳು ಹಟ ಹಿಡಿದವು. ಸರ್ಕಾರ ಮಣಿದು ತನ್ನ ಖರ್ಚಿನಲ್ಲಿ ಸುಮಾರು 2,40,000 ಶವಗಳನ್ನು ಊರುಗಳಿಗೆ ತಲುಪಿಸಿತು. ಹೆಸರು ಸಿಗದ 1,30,000 ಸೈನಿಕರ ಮೂಳೆಗಳು ವರ್ಡನ್ ಬಳಿಯ ದುವೊಮೋನ್ ಅಸ್ಥಿಮಂದಿರದಲ್ಲಿವೆ. 1920ರ ನವೆಂಬರ್ 10ರಂದು ವರ್ಡನ್ ಕೋಟೆಯಲ್ಲಿ ಎಂಟು ಅನಾಮಧೇಯ ಶವಪೆಟ್ಟಿಗೆಗಳನ್ನಿಟ್ಟು, ‘ಅಜ್ಞಾತ ಯೋಧ’ನನ್ನು ಆರಿಸಲು ಒಗುಸ್ತ್ ತ್ಯಾಂ ಎಂಬ ಇಪ್ಪತ್ತೊಂದರ ಸಿಪಾಯಿಯ ಕೈಗೆ ಹೂಗುಚ್ಛ ಕೊಟ್ಟರು. ಅವನದು 132ನೇ ರೆಜಿಮೆಂಟ್. ಒಂದು, ಮೂರು, ಎರಡು ಕೂಡಿಸಿದರೆ ಆರು ಎಂದು ಆರನೆಯ ಪೆಟ್ಟಿಗೆಯ ಮೇಲೆ ಹೂವಿಟ್ಟ. ಅವನ ತಂದೆಯೂ ಯುದ್ಧಕ್ಕೆ ಹೋಗಿ ಕಾಣೆಯಾದವನೇ.

ಸಿಮೋಂಗೆ ಇಪ್ಪತ್ತಾರಾದಾಗ ಅವನ ಸರದಿ ಬಂತು. 1940ರ ಮೇ ತಿಂಗಳಲ್ಲಿ ಅವನು ಕುದುರೆ ಸವಾರರ ದಳದಲ್ಲಿದ್ದ. ಹೌದು, ಜರ್ಮನ್ ಟ್ಯಾಂಕುಗಳ ಎದುರು ಕುದುರೆ. ದಳ ನುಚ್ಚುನೂರಾಯಿತು; ಹೊಂಚು ಹಾಕಿದ ಬಂದೂಕಿನ ಎದುರು ಕತ್ತಿ ಹಿರಿದ ಮೇಲಧಿಕಾರಿ ಉರುಳಿದ್ದನ್ನು ಸಿಮೋಂ ಕಣ್ಣಾರೆ ಕಂಡ. ಸೆರೆಸಿಕ್ಕ, ಸ್ಯಾಕ್ಸನಿಯ ಶಿಬಿರಕ್ಕೆ ಹೋದ, ಅದೇ ವರ್ಷದ ಕೊನೆಯೊಳಗೆ ತಪ್ಪಿಸಿಕೊಂಡು ಬಂದ. ಆಮೇಲಿನ ಅವನ ಬರವಣಿಗೆಯೆಲ್ಲ ಆ ಕೆಲವು ದಿನಗಳ ಸುತ್ತ ಗಿರಕಿ ಹೊಡೆಯಿತು. ಹಿಂದಿನ ಯುದ್ಧದ ನಕ್ಷೆ ಹಿಡಿದು ಮುಂದಿನ ಯುದ್ಧಕ್ಕೆ ಹೋಗುವುದು ಎಂದರೆ ಆ ಹಿರಿದ ಕತ್ತಿಯೇ.

ಊರಿನ ಜನ ಮಾಡಿದ್ದೂ ಅದನ್ನೇ. 1914-18ರಲ್ಲಿ ಉತ್ತರದ ಹತ್ತು ಜಿಲ್ಲೆಗಳು ಪೂರ್ತಿಯಾಗಿ ಇಲ್ಲವೇ ಭಾಗಶಃ ಜರ್ಮನರ ಕೈಯಲ್ಲಿದ್ದವು. 1916ರ ಈಸ್ಟರ್ ಹೊತ್ತಿಗೆ ಲಿಲ್ ಸುತ್ತಲಿನ ಸುಮಾರು 20,000 ಜನರನ್ನು, ಹೆಚ್ಚಾಗಿ ಹೆಂಗಸರು ಹುಡುಗಿಯರನ್ನು, ಹೊಲದ ದುಡಿಮೆಗೆಂದು ಎಳೆದೊಯ್ದಿದ್ದರು. ಅದನ್ನು ಕೇಳುತ್ತ ಬೆಳೆದವರು 1940ರಲ್ಲಿ ಹಾಸಿಗೆಯನ್ನು ಕಾರಿನ ಮೇಲೆ ಕಟ್ಟಿ ದಕ್ಷಿಣಕ್ಕೆ ಓಡಿದರು. ದಾರಿಗಳ ಮೇಲೆ ಹಲವು ದಶಲಕ್ಷ ಜನ. ಓಡಿದವರು ನಂಬಿದ್ದು ಯಾರನ್ನು? ವರ್ಡನ್ ಉಳಿಸಿದ ಮುದುಕ ಪೆತಾಂನನ್ನು. ಆ ಕಂದಕಗಳಲ್ಲಿ ಸರದಿಯಂತೆ ನಿಂತು ಬಂದ ಅಪ್ಪಂದಿರ ಪಾಲಿಗೆ ಅವನು ಸಿಪಾಯಿಗಳ ಜೀವ ಉಳಿಸಿದ ದಂಡನಾಯಕ. ವಿಶಿ ಸರ್ಕಾರದ ಮುಖ್ಯಸ್ಥನಾಗಿ ಅವನು ಶತ್ರುವಿನ ಜೊತೆ ಕೈಕುಲುಕಿದಾಗಲೂ ಅದರಲ್ಲೇನೋ ಒಳತಂತ್ರ ಇರಬೇಕು ಎಂದು ಬಹಳ ಮನೆಗಳು ತಿಂಗಳುಗಟ್ಟಲೆ ಸಮಾಧಾನ ಹೇಳಿಕೊಂಡವು. ಸೆರೆಸಿಕ್ಕ ಸುಮಾರು 18 ಲಕ್ಷ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮದುವೆಯಾದವರು. ಒಬ್ಬ ಸೆರೆಯಾಳು ಬಿಡುಗಡೆಯಾಗಬೇಕಾದರೆ ಮೂವರು ಕುಶಲ ಕಾರ್ಮಿಕರು ಜರ್ಮನಿಗೆ ದುಡಿಯಲು ಹೋಗಬೇಕು ಎಂಬ ವ್ಯಾಪಾರ 1942ರಲ್ಲಿ ಶುರುವಾಯಿತು. ಒಂದು ಮನೆಯ ಗಂಡ ಬರಬೇಕಾದರೆ ಇನ್ನು ಮೂರು ಮನೆಯ ಗಂಡಸರು ಹೊರಡಬೇಕು.

ಹಳೆಯ ನಕ್ಷೆಯನ್ನು ಹರಿದು ಹಾಕಿದ ಮನೆಯೂ ಇತ್ತು. ಚಾರ್ಲ್ಸ್ ದ ಗಾಲ್‌ನ ತಂದೆ ಆಂರಿ 1870ರಲ್ಲಿ ಪ್ಯಾರಿಸ್ ರಕ್ಷಣೆಯಲ್ಲಿ ಗಾಯಗೊಂಡವನು. ಅದೇ ಯುದ್ಧದಲ್ಲಿ ಮೆತ್ಸ್ ಕೋಟೆಯನ್ನು ಫ್ರೆಂಚ್ ದಂಡನಾಯಕ ಬಜೇನ್ ಶತ್ರುವಿಗೆ ಒಪ್ಪಿಸಿದ ಸುದ್ದಿ ಬಂದಾಗ ತನ್ನ ಹೆತ್ತವರು ಅತ್ತದ್ದನ್ನು ತಾಯಿ ಜಾನ್ ಮಕ್ಕಳಿಗೆ ಹೇಳುತ್ತಿದ್ದಳು. ನಾಲ್ವರು ಗಂಡುಮಕ್ಕಳೂ 1914ರ ಯುದ್ಧಕ್ಕೆ ಹೋಗಿ ನಾಲ್ವರೂ ಜೀವಂತ ಮರಳಿದರು, ಆ ಕಾಲಕ್ಕೆ ಅಪರೂಪದ ಅದೃಷ್ಟ. ಚಾರ್ಲ್ಸ್ ಮೂರು ಸಲ ಗಾಯಗೊಂಡು 1916ರಲ್ಲಿ ದುವೊಮೋನ್ ಬಳಿ ಸೆರೆಸಿಕ್ಕಿದ್ದ. ಹಿಂದಿನ ಯುದ್ಧದಂತೆ ಮುಂದಿನದು ಇರುವುದಿಲ್ಲ, ಟ್ಯಾಂಕುಗಳ ದಳ ಕಟ್ಟಿ ಎಂದು 1934ರಲ್ಲೇ ಪುಸ್ತಕ ಬರೆದ. 1940ರಲ್ಲಿ ಹೋರಾಟ ಮುಂದುವರಿಸಲೆಂದು ಅವನು ಲಂಡನ್ನಿಗೆ ಹಾರಿದ್ದಕ್ಕೆ ಹಿಂದೆ ಉಳಿದ ಮನೆಯವರು ಬೆಲೆ ತೆತ್ತರು. ತಮ್ಮ ಪಿಯೆರ್, ಅಕ್ಕ ಮರಿ-ಆನ್ಯೆಸ್, ಆಕೆಯ ಗಂಡ, ಅಣ್ಣನ ಮಗಳು ಜೆನ್‌ವಿಯೆವ್ ಎಲ್ಲರೂ ಸೆರೆಮನೆ ಕಂಡರು. ಜೆನ್‌ವಿಯೆವ್ 1944ರಲ್ಲಿ ರಾವೆನ್ಸ್‌ಬ್ರುಕ್ ಶಿಬಿರ ಸೇರಿದಳು. ಮಗ ಫಿಲಿಪ್ ನೌಕಾಪಡೆಯಲ್ಲಿ ಎರಡನೆಯ ಮಹಾಯುದ್ಧ, ಇಂಡೋಚೀನಾ, ಅಲ್ಜೀರಿಯಾ ಮೂರನ್ನೂ ಕಂಡು 2024ರಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡ.

ಇಂಡೋಚೀನಾದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಡ್ಡಾಯ ಸೇವೆಯ ಹುಡುಗರನ್ನು ಅಲ್ಲಿಗೆ ಕಳಿಸಲಿಲ್ಲವಾದ್ದರಿಂದ ಆ ಯುದ್ಧ ಸಾಮಾನ್ಯರ ಮನೆಗೆ ಬರಲಿಲ್ಲ. ಅಲ್ಲಿನ ದಂಡನಾಯಕ ದ ಲಾತ್ರ್ ಮಾತ್ರ ತನ್ನದೇ ಅಧಿಕಾರದಡಿಯಲ್ಲಿದ್ದ ಒಬ್ಬನೇ ಮಗ ಬೆರ್ನಾರ್‌ನನ್ನು 1951ರ ಮೇ 30ರಂದು ನಿನ್ ಬಿನ್‌ನಲ್ಲಿ ಕಳೆದುಕೊಂಡ, ಏಳೂವರೆ ತಿಂಗಳಲ್ಲಿ ತಾನೂ ಹೋದ. ಮಗ, ಮೊಮ್ಮಗ ಇಬ್ಬರನ್ನೂ ಮಣ್ಣು ಮಾಡಲು ತೊಂಬತ್ತು ದಾಟಿದ ಅಜ್ಜ ಊರಲ್ಲಿ ಉಳಿದಿದ್ದ.

ಅಲ್ಸೇಸಿಗೆ ಮರಳೋಣ, ಏಕೆಂದರೆ ಅಲ್ಲಿ ಈ ಪ್ರಶ್ನೆಯ ಗಂಟು ಬಿಗಿಯಾಗಿದೆ. ಸಿಬಿಎಸ್‌ಇ ಇಂಗ್ಲಿಷ್ ಪಠ್ಯ ಓದಿದ ನಮ್ಮ ಮಕ್ಕಳಿಗೆ ಅಲ್ಫೋನ್ಸ್ ದೋದೆಯ ‘ಕೊನೆಯ ಪಾಠ’ ಗೊತ್ತು: ನಾಳೆಯಿಂದ ಶಾಲೆಯಲ್ಲಿ ಜರ್ಮನ್ ಮಾತ್ರ ಎಂದು ಫ್ರೆಂಚ್ ಮೇಷ್ಟ್ರು ಕಣ್ಣೀರಿಡುವ ಕಥೆ. ಕಥೆ ಬಚ್ಚಿಡುವ ಸಂಗತಿಯೆಂದರೆ ಆ ಹಳ್ಳಿಗಳ ಬಹುಪಾಲು ಮಕ್ಕಳು ಮನೆಯಲ್ಲಿ ಆಡುತ್ತಿದ್ದದ್ದು ಜರ್ಮನ್ ಕುಲದ ಅಲ್ಸೇಸಿಯನ್ ಮಾತು. 1865ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಹುಟ್ಟಿ ಎಂಬತ್ತು ಬದುಕಿದ ಅಜ್ಜಿ ಬೀದಿ ದಾಟದೆಯೇ ನಾಲ್ಕು ಸಲ ದೇಶ ಬದಲಿಸಿದಂತಾಯಿತು. 1914ರ ಯುದ್ಧದಲ್ಲಿ ಅಲ್ಸೇಸ್-ಲೊರೇನಿನ ಸುಮಾರು 3,80,000 ಗಂಡಸರು ಜರ್ಮನ್ ಸೈನ್ಯದಲ್ಲಿದ್ದರು. 1918ರಲ್ಲಿ ಮರಳಿ ಬಂದ ಫ್ರಾನ್ಸ್ ಹೆತ್ತವರ ಮೂಲ ನೋಡಿ ಜನರಿಗೆ ಎ, ಬಿ, ಸಿ, ಡಿ ಎಂದು ಗುರುತುಚೀಟಿ ಹಂಚಿತು. ಗಂಡ ಹೆಂಡಿರಿಗೆ ಬೇರೆ ಬೇರೆ ಅಕ್ಷರ ಬಂದದ್ದೂ ಉಂಟು. ಸ್ಟ್ರಾಸ್‌ಬರ್ಗಿನ 1936ರ ಸ್ಮಾರಕದಲ್ಲಿ ತಾಯಿಯೊಬ್ಬಳು ಸಾಯುತ್ತಿರುವ ಇಬ್ಬರು ಮಕ್ಕಳನ್ನು ತಬ್ಬಿ ಕೂತಿದ್ದಾಳೆ. ಇಬ್ಬರ ಮೈಮೇಲೂ ಬಟ್ಟೆಯಿಲ್ಲ, ಏಕೆಂದರೆ ಯಾವ ಸಮವಸ್ತ್ರ ತೊಡಿಸುವುದು? ಬೇರೆ ಊರುಗಳಲ್ಲಿರುವ ‘ಫ್ರಾನ್ಸಿಗಾಗಿ’ ಎಂಬ ಮಾತನ್ನೂ ಅಲ್ಲಿ ಕೆತ್ತಿಲ್ಲ.

1940ರಲ್ಲಿ ನಾಜಿಗಳು ಬಂದು ಫ್ರೆಂಚ್ ಮಾತನ್ನೂ ಬೆರೆ ಟೋಪಿಯನ್ನೂ ನಿಷೇಧಿಸಿದರು. ಮ್ಯುಲೂಸಿನಲ್ಲಿ ‘ಕಾಡುಮನುಷ್ಯನ ಬೀದಿ’ಗೆ ಅಡಾಲ್ಫ್ ಹಿಟ್ಲರನ ಹೆಸರಿಟ್ಟರು, ಊರವರು ಇಂದಿಗೂ ಹೇಳಿ ನಗುತ್ತಾರೆ. 1942ರ ಆಗಸ್ಟಿನಲ್ಲಿ ನಗು ನಿಂತಿತು. ಅಲ್ಸೇಸ್ ಮತ್ತು ಲೊರೇನಿನ ಮೊಸೆಲ್‌ನ ಸುಮಾರು 1,30,000 ಯುವಕರನ್ನು ಬಲವಂತವಾಗಿ ಜರ್ಮನ್ ಸೈನ್ಯಕ್ಕೆ ಎಳೆದರು, ತಪ್ಪಿಸಿಕೊಂಡರೆ ಮನೆಮಂದಿಯನ್ನೇ ಗಡೀಪಾರು ಮಾಡುವ ಬೆದರಿಕೆ ಹಾಕಿದರು. ‘ಮಾಲ್ಗ್ರೆ-ನೂ’, ಮನಸ್ಸಿಲ್ಲದೆ ಹೋದವರು ಎಂದು ಅವರನ್ನು ಕರೆಯುತ್ತಾರೆ. ಸುಮಾರು 40,000 ಮಂದಿ ಸತ್ತರು ಅಥವಾ ಕಾಣೆಯಾದರು. 1944ರ ಜೂನ್ 10ರಂದು ಒರಾದೂರ್-ಸುರ್-ಗ್ಲಾನ್ ಹಳ್ಳಿಯಲ್ಲಿ ಎಸ್‌ಎಸ್ ಪಡೆ 640ಕ್ಕೂ ಹೆಚ್ಚು ಜನರನ್ನು ಕೊಂದಿತು. ಸತ್ತವರಲ್ಲಿ ಗಡಿನಾಡಿನಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿದ್ದವು, ಕೊಂದ ಪಡೆಯಲ್ಲಿ ಅಲ್ಸೇಸಿನ ಹುಡುಗರೂ ಇದ್ದರು. 1953ರಲ್ಲಿ ಬೋರ್ಡೋ ನ್ಯಾಯಾಲಯದ ಕಟಕಟೆಯಲ್ಲಿ ನಿಂತ 21 ಜನರಲ್ಲಿ 14 ಮಂದಿ ಅಲ್ಸೇಸಿನವರು, ಅವರಲ್ಲಿ 13 ಮಂದಿ ಬಲವಂತಕ್ಕೆ ಸೇರಿದವರು. ಶಿಕ್ಷೆಯಾದಾಗ ಅಲ್ಸೇಸ್ ಸಿಡಿದೆದ್ದಿತು. ವಾರ ಕಳೆಯುವುದರೊಳಗೆ ಸಂಸತ್ತು ಆ 13 ಮಂದಿಗೆ ಕ್ಷಮಾದಾನ ಕೊಟ್ಟಾಗ ಒರಾದೂರ್ ಸಿಡಿದೆದ್ದು ಸರ್ಕಾರ ಕೊಟ್ಟ ಪದಕಗಳನ್ನು ಹಿಂತಿರುಗಿಸಿತು. ಎರಡೂ ಕಡೆಯವರು ಮಾತಾಡುತ್ತಿದ್ದದ್ದು ತಮ್ಮ ಮನೆಯ ಸತ್ತವರ ಪರವಾಗಿ. ಈ ಜಗಳದಲ್ಲಿ ತೀರ್ಪು ಕೊಡುವುದು ಹೊರಗಿನವನಾದ ನನಗೆ ಸುಲಭವಲ್ಲ; ಆದರೆ ಕ್ಷಮಾದಾನದ ಅವಸರ ಒರಾದೂರಿನ ಗಾಯಕ್ಕೆ ಉಪ್ಪು ಸವರಿತು ಎನ್ನುವುದರಲ್ಲಿ ಅನುಮಾನವಿಲ್ಲ.

ಅಲ್ಜೀರಿಯಾ ಯುದ್ಧಕ್ಕೆ ಹೋದ ಹುಡುಗರ ಕಷ್ಟ ಇನ್ನೊಂದು ಬಗೆಯದು. 1954ರಿಂದ 1962ರ ನಡುವೆ 12 ಲಕ್ಷಕ್ಕೂ ಹೆಚ್ಚು ಮಂದಿ ಕಡ್ಡಾಯ ಸೇವೆಯಲ್ಲಿ ಹೋದರೂ ಸರ್ಕಾರ ಅದನ್ನು ಯುದ್ಧ ಎನ್ನಲು ಒಪ್ಪಲಿಲ್ಲ. ಕಾನೂನಿನ ಪ್ರಕಾರ ಅದು ಯುದ್ಧವಾದದ್ದು 1999ರಲ್ಲಿ. ಅಜ್ಜ ವರ್ಡನ್ ಕಂಡವನು, ಅಪ್ಪ ಐದು ವರ್ಷ ಸೆರೆಯಲ್ಲಿದ್ದವನು. ಅವರ ಮುಂದೆ ಊಟದ ಮೇಜಿನಲ್ಲಿ ಈ ಹುಡುಗ ಏನು ಹೇಳಿಯಾನು? ಹಳ್ಳಿಗಳಿಗೆ ಬೆಂಕಿ ಇಟ್ಟದ್ದನ್ನೆ, ಚಿತ್ರಹಿಂಸೆಯ ಕೂಗು ಕೇಳಿದ್ದನ್ನೆ? ಇತಿಹಾಸಕಾರ್ತಿ ರಫಾಯೆಲ್ ಬ್ರಾಂಶ್ ಈ ಮನೆಗಳಿಗೆ ಪ್ರಶ್ನಾವಳಿ ಕಳಿಸಿ, ಪತ್ರ, ದಿನಚರಿಗಳನ್ನು ಓದಿ 2020ರಲ್ಲಿ ಬರೆದ ಪುಸ್ತಕ ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಗಂಡಸರು ಬಾಯಿ ಮುಚ್ಚಿಕೊಂಡರು ಎಂದು ನಾವೆಲ್ಲ ಹೇಳುತ್ತ ಬಂದಿದ್ದೇವೆ. ಮನೆಯವರೂ ಕೇಳಲಿಲ್ಲ, ಕೇಳುವುದು ಹೇಗೆಂದೂ ಅವರಿಗೆ ತೋಚಲಿಲ್ಲ ಎಂದು ಬ್ರಾಂಶ್ ತೋರಿಸುತ್ತಾಳೆ. ಈ ಬಾರಿ ದಾಟಿಸಲು ನಕ್ಷೆಯೇ ಇರಲಿಲ್ಲ.

ಕಡ್ಡಾಯ ಸೇವೆಗೆ 1997ರ ಕಾನೂನು ತೆರೆ ಎಳೆದ ಮೇಲೆ ಫ್ರಾನ್ಸಿನ ಹೆಚ್ಚಿನ ಮನೆಗಳಲ್ಲಿ ಯುದ್ಧವೆಂದರೆ ಅಟ್ಟದ ಮೇಲಿನ ಪೆಟ್ಟಿಗೆ. 2013ರಲ್ಲಿ ಸರ್ಕಾರಿ ಪತ್ರಾಗಾರಗಳು ಆ ಪೆಟ್ಟಿಗೆಗಳನ್ನು ತನ್ನಿ ಎಂದು ಜನರನ್ನು ಕರೆದಾಗ ಪತ್ರ, ಫೋಟೋ, ದಿನಚರಿಗಳನ್ನು ಹೊತ್ತು ಸಾವಿರಾರು ಜನ ಸಾಲುಗಟ್ಟಿದರು. 2025ರ ನವೆಂಬರ್ 18ರಂದು ಸೇನಾ ಮುಖ್ಯಸ್ಥ ಜನರಲ್ ಫಾಬಿಯಾಂ ಮಾಂದೋಂ, ರಷ್ಯಾದ ಅಪಾಯದ ಬಗ್ಗೆ ಮಾತಾಡುತ್ತ, ತನ್ನ ಮಕ್ಕಳನ್ನು ಕಳೆದುಕೊಳ್ಳುವುದನ್ನು ಒಪ್ಪಿಕೊಳ್ಳುವ ಮನೋಬಲ ದೇಶಕ್ಕೆ ಇರಬೇಕು ಎಂಬ ಅರ್ಥದ ಮಾತು ಹೇಳಿದರು. ಎಡ, ಬಲ ಎರಡೂ ಕಡೆಯ ರಾಜಕಾರಣಿಗಳು ಹರಿಹಾಯ್ದರು. ಜನರಲ್ ಮಾತಾಡಿದ್ದು ಮೇಯರ್‌ಗಳ ಸಮ್ಮೇಳನದಲ್ಲಿ. ಅದಕ್ಕೆ ಸರಿಯಾಗಿ ಒಂದು ವಾರ ಹಿಂದೆ, ಮೊದಲ ಮಹಾಯುದ್ಧ ನಿಂತ ದಿನವಾದ ನವೆಂಬರ್ 11ರಂದು, ಸತ್ತವರ ಸ್ಮಾರಕದ ಮುಂದೆ ನಡೆದ ಸಮಾರಂಭಗಳನ್ನು ತಮ್ಮ ತಮ್ಮ ಊರುಗಳಲ್ಲಿ ನಡೆಸಿಕೊಟ್ಟವರೂ ಇದೇ ಮೇಯರ್‌ಗಳು.